ಮೆಕ್ಯಾನಿಕಲ್ ಇನ್‌ಸ್ಪೆಕ್ಟರ್ ಆಗಬಯಸುವ ನಮ್ಮ ವಿದ್ಯಾರ್ಥಿಗಳಿಗೆ

(ಸಂಘದ ವಾರ್ಷಿಕ ಸಮಾರಂಭದ ವೃತ್ತಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಪಾಲಕರು ಶಾಲೆಗೆ ಬಂದು ಕೇಳುವ ಪ್ರಶ್ನೆಗಳಲ್ಲಿ ಇತ್ತೀಚೆಗೆ ಹೊಸದೊಂದು ಸೇರಿಕೊಂಡಿದೆ. "ಮೇಷ್ಟ್ರೇ, ಕ್ಯೂಎ-ಕ್ಯೂಸಿ ಅಂತ ಒಂದು ಕೋರ್ಸ್ ಇದೆಯಂತೆ, ಒಂದೆರಡು ತಿಂಗಳು ಮಾಡಿದರೆ ಸಾಕಂತೆ, ಗಲ್ಫ್‌ನಲ್ಲಿ ಇನ್‌ಸ್ಪೆಕ್ಟರ್ ಕೆಲಸ ಸಿಗುತ್ತದಂತೆ, ಹೌದೇ?" ಈ ಪ್ರಶ್ನೆಯಲ್ಲಿ ಮೂರು 'ಅಂತೆ'ಗಳಿವೆ. ಇಂದು ನನಗೆ ಕೊಟ್ಟಿರುವ ಸಮಯದಲ್ಲಿ ಆ ಮೂರು 'ಅಂತೆ'ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ನಾನು ಎಂಜಿನಿಯರ್ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೆ ನಮ್ಮ ತರಗತಿಗಳಲ್ಲಿ ಕುಳಿತು ಎದ್ದುಹೋದ ಹಲವರು ಇಂದು ಈ ವೃತ್ತಿಯಲ್ಲಿದ್ದಾರೆ. ರಜೆಗೆ ಬಂದಾಗ ಅವರು ಹೇಳಿದ್ದು, ಅವರು ತೋರಿಸಿದ ಪುಸ್ತಕಗಳಿಂದ ಓದಿ ತಿಳಿದದ್ದು, ಇವೇ ನನ್ನ ಈ ಮಾತುಗಳಿಗೆ ಆಧಾರ.

ಇನ್‌ಸ್ಪೆಕ್ಟರ್ ಎಂದರೆ ಯಾರು?

ಇನ್‌ಸ್ಪೆಕ್ಟರ್ ಎಂದ ಕೂಡಲೇ ನಮಗೆ ನೆನಪಾಗುವುದು ಪೊಲೀಸ್ ಠಾಣೆ ಅಥವಾ ಶಾಲಾ ತಪಾಸಣೆ. ಮೆಕ್ಯಾನಿಕಲ್ ಇನ್‌ಸ್ಪೆಕ್ಟರನ ಕೆಲಸ ಬೇರೆ. ಬಾಯ್ಲರ್, ಪೈಪ್‌ಲೈನ್, ತೈಲದ ಟ್ಯಾಂಕು, ಒತ್ತಡದ ಪಾತ್ರೆ, ಪಂಪು, ಕ್ರೇನು ಇವುಗಳನ್ನು ಆತ ಕಟ್ಟುವುದಿಲ್ಲ, ರಿಪೇರಿ ಮಾಡುವುದೂ ಇಲ್ಲ. ಕಟ್ಟಿದ್ದು ಡ್ರಾಯಿಂಗ್‌ನಲ್ಲಿ ಇದ್ದಂತೆಯೇ ಇದೆಯೇ, ನಿಯಮದ ಪುಸ್ತಕ ಹೇಳಿದಷ್ಟು ಗಟ್ಟಿಯಾಗಿದೆಯೇ ಎಂದು ನೋಡುತ್ತಾನೆ, ಅಳೆಯುತ್ತಾನೆ, ಬರೆಯುತ್ತಾನೆ, ಕೆಳಗೆ ಸಹಿ ಮಾಡುತ್ತಾನೆ. ಆ ಸಹಿ ಬಿದ್ದ ಮೇಲೆಯೇ ಕೆಲಸ ಮುಂದಿನ ಹಂತಕ್ಕೆ ಹೋಗುತ್ತದೆ.

ಈ ಕೆಲಸದಲ್ಲಿ ಎರಡು ಕವಲುಗಳಿವೆ. ಹೊಸದಾಗಿ ಕಟ್ಟುವಾಗ ಮಾಡುವ ತಪಾಸಣೆ ಒಂದು. ಕಟ್ಟಿದ ಸ್ಥಾವರ ಓಡುತ್ತಿರುವಾಗ ಅಥವಾ ವಾರ್ಷಿಕ ದುರಸ್ತಿಗೆ ನಿಲ್ಲಿಸಿದಾಗ, ಎಲ್ಲಿ ತುಕ್ಕು ತಿಂದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಹುಡುಕುವುದು ಇನ್ನೊಂದು. ನೌಕರಿ ಕೊಡುವವರು ನಾಲ್ಕು ಬಗೆಯವರು. ಕೆಲಸ ಹಿಡಿದ ಗುತ್ತಿಗೆದಾರನ ಗುಣಮಟ್ಟ ವಿಭಾಗ, ಸ್ಥಾವರದ ಮಾಲೀಕ ಸಂಸ್ಥೆ, ಇಬ್ಬರಿಗೂ ಸೇರದೆ ಮಧ್ಯದಲ್ಲಿ ನಿಲ್ಲುವ ಬ್ಯೂರೋ ವೆರಿಟಾಸ್, ಎಸ್‌ಜಿಎಸ್, ಟಿಯುವಿ ಮುಂತಾದ ಮೂರನೇ ಪಕ್ಷದ ತಪಾಸಣಾ ಸಂಸ್ಥೆಗಳು, ಮತ್ತು ಸರ್ಕಾರ. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಎಂಬ ಪ್ರತ್ಯೇಕ ಇಲಾಖೆಯೇ ಇದೆ. ಅಲ್ಲಿನ ಬಾಯ್ಲರ್ ತಪಾಸಣಾಧಿಕಾರಿಯ ಹುದ್ದೆಗೆ ಎಂಜಿನಿಯರಿಂಗ್ ಪದವಿ ಬೇಕು.

ಭಾಷೆಯ ಶಿಕ್ಷಕನಾದ ನನಗೆ ಈ ವೃತ್ತಿಯ ಒಂದು ಮಾತು ಬಹಳ ಹಿಡಿಸಿತು. ಪ್ರತಿ ಕೆಲಸಕ್ಕೂ ಇವರಲ್ಲಿ ಒಂದು ತಪಾಸಣಾ ಯೋಜನೆ ಇರುತ್ತದೆ, ಐಟಿಪಿ ಎನ್ನುತ್ತಾರೆ. ಅದರಲ್ಲಿ ಕೆಲವು ಹಂತಗಳಿಗೆ 'ಹೋಲ್ಡ್ ಪಾಯಿಂಟ್' ಎಂದು ಹೆಸರು. ಇನ್‌ಸ್ಪೆಕ್ಟರ್ ಬಂದು ನೋಡುವ ತನಕ ಅಲ್ಲಿ ಕೆಲಸ ಮುಂದೆ ಹೋಗುವಂತಿಲ್ಲ. ಇನ್ನು ಕೆಲವಕ್ಕೆ 'ವಿಟ್ನೆಸ್ ಪಾಯಿಂಟ್' ಎಂದು ಹೆಸರು. ವಿಟ್ನೆಸ್ ಎಂದರೆ ಸಾಕ್ಷಿ. ನಮ್ಮ ಉರ್ದುವಿನಲ್ಲಿ ಗವಾಹ್. ಕಾಣದ್ದನ್ನು ಕಂಡೆ ಎನ್ನುವವನನ್ನು ನಾವು ಏನೆಂದು ಕರೆಯುತ್ತೇವೆ ಎಂಬುದು ನಿಮಗೆ ಗೊತ್ತು. ಇನ್‌ಸ್ಪೆಕ್ಟರ್ ಎಂದರೆ ಸಂಬಳ ಪಡೆದು ಸಾಕ್ಷಿ ಹೇಳುವವನು. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ನಾನು ಮುಂದೆ ಹೇಳುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಈ ಕೆಲಸ ಹುಟ್ಟಿದ್ದು ಹೇಗೆ?

ಈ ವೃತ್ತಿ ಹುಟ್ಟಿದ್ದು ಸಾವುಗಳಿಂದ. 1863ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷ 1864ರಲ್ಲಿ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. ಮುಂದೆ ಇಡೀ ದೇಶಕ್ಕೆ 1923ರ ಬಾಯ್ಲರ್ ಕಾಯ್ದೆ, ಅದರ ಕೆಳಗೆ 1950ರ ನಿಯಮಾವಳಿ ಬಂದವು. ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂದಿದೆ.

ಅಮೆರಿಕದಲ್ಲೂ ಇದೇ ಕಥೆ. 1905ರ ಮಾರ್ಚ್ 20ರಂದು ಮಸಾಚುಸೆಟ್ಸ್ ರಾಜ್ಯದ ಬ್ರಾಕ್ಟನ್ ಎಂಬ ಊರಿನಲ್ಲಿ ಒಂದು ಶೂ ಕಾರ್ಖಾನೆಯ ಹಳೆಯ ಬಾಯ್ಲರ್ ಸಿಡಿದು ಕಟ್ಟಡವೇ ಕುಸಿಯಿತು. 58 ಜನ ಸತ್ತರು. ಆ ರಾಜ್ಯ ಬಾಯ್ಲರ್‌ಗಳಿಗೆ ಕಟ್ಟುನಿಟ್ಟಿನ ಕಾನೂನು ಮಾಡಿತು. ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯಾದ ಎಎಸ್‌ಎಂಇ 1914ರ ಆವೃತ್ತಿಯಾಗಿ ತನ್ನ ಮೊದಲ ಬಾಯ್ಲರ್ ನಿಯಮಾವಳಿಯನ್ನು ಹೊರತಂದಿತು. ಇಂದು ಜಗತ್ತಿನ ಬಹುಭಾಗದಲ್ಲಿ ಇನ್‌ಸ್ಪೆಕ್ಟರುಗಳ ಮೇಜಿನ ಮೇಲೆ ಇರುವ 'ಕೋಡ್' ಪುಸ್ತಕಗಳ ಮೂಲ ಅದು.

ಇವೆಲ್ಲ ಹಳೆಯ ಕಾಲದ ಮಾತು ಎನ್ನಬೇಡಿ. 1980ರ ಮಾರ್ಚ್ 27ರಂದು ನಾರ್ವೆಯ ಸಮುದ್ರದಲ್ಲಿ 'ಅಲೆಕ್ಸಾಂಡರ್ ಕೀಲ್ಲಂಡ್' ಎಂಬ ತೇಲುವ ವೇದಿಕೆ ಮಗುಚಿತು. ತೈಲಕ್ಷೇತ್ರದ ಕೆಲಸಗಾರರು ತಂಗುತ್ತಿದ್ದ ಜಾಗ ಅದು. ಅಲ್ಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ತನಿಖೆ ಮಾಡಿದಾಗ ಒಂದು ಉಕ್ಕಿನ ತೊಲೆ ತುಂಡಾಗಿದ್ದು ಗೊತ್ತಾಯಿತು. ಒಂದು ಸಣ್ಣ ಉಪಕರಣವನ್ನು ಕೂರಿಸಲು ಆ ತೊಲೆಗೆ ಹಾಕಿದ್ದ, ಕೇವಲ 6 ಮಿಲಿಮೀಟರಿನ ಕಳಪೆ ಬೆಸುಗೆಯ ಹತ್ತಿರ ಬಿರುಕು ಹುಟ್ಟಿ, ಅಲೆಗಳ ಹೊಡೆತಕ್ಕೆ ಬೆಳೆಯುತ್ತ ಹೋಗಿತ್ತು. ಇನ್ನೂ ಒಂದು ಸಂಗತಿ ಇದೆ. ಬಿರುಕಿನ ಒಳಮೈಯಲ್ಲಿ ಬಣ್ಣದ ಗುರುತು ಸಿಕ್ಕಿತು. ಅಂದರೆ ವೇದಿಕೆಗೆ ಬಣ್ಣ ಬಳಿಯುವ ಮೊದಲೇ, ಅದನ್ನು ಕಟ್ಟಿದ ಅಂಗಳದಲ್ಲಿಯೇ ಅಲ್ಲಿ ಬಿರುಕು ಇತ್ತು. ಯಾರ ಕಣ್ಣೂ ಅಲ್ಲಿ ನಿಲ್ಲಲಿಲ್ಲ. ಬಣ್ಣ ಬಿತ್ತು, ವೇದಿಕೆ ಸಮುದ್ರಕ್ಕೆ ಇಳಿಯಿತು.

ಮಕ್ಕಳೇ, ನಾವು ಸಂಬಳದ ಲೆಕ್ಕ ಹಾಕುವ ಮೊದಲು ಈ ಲೆಕ್ಕ ತಿಳಿದಿರಬೇಕು.

ದಿನನಿತ್ಯದ ಕೆಲಸ

ಬೆಳಿಗ್ಗೆ ಸೈಟಿಗೆ ಹೋದ ಇನ್‌ಸ್ಪೆಕ್ಟರನ ಜೇಬಿನಲ್ಲಿ ಏನಿರುತ್ತದೆ? ಟೇಪು, ಟಾರ್ಚು, ಸಣ್ಣ ಕನ್ನಡಿ, ವರ್ನಿಯರ್ ಕ್ಯಾಲಿಪರ್, ವೆಲ್ಡಿಂಗ್ ಗೇಜು, ಗುರುತು ಹಾಕಲು ಮಾರ್ಕರ್ ಮತ್ತು ನೋಟ್ ಪುಸ್ತಕ. ಅಳೆಯುವ ಸಾಧನಗಳಿಗೂ ಪ್ರಮಾಣಪತ್ರ ಇರಬೇಕು. ಅದನ್ನು ಕ್ಯಾಲಿಬ್ರೇಶನ್ ಎನ್ನುತ್ತಾರೆ. ತಕ್ಕಡಿಯ ಬಟ್ಟನ್ನು ಸರ್ಕಾರದವರು ಮುದ್ರೆ ಹಾಕಿ ಕೊಡುತ್ತಾರಲ್ಲ, ಹಾಗೆ.

ಪೈಪು ಬಂದಾಗ ಮೊದಲ ಕೆಲಸ ಅದರ ಮೈಮೇಲಿನ 'ಹೀಟ್ ನಂಬರ್' ಓದುವುದು. ಉಕ್ಕು ಯಾವ ಕರಗಿಸುವಿಕೆಯಲ್ಲಿ ತಯಾರಾಯಿತು ಎಂದು ಹೇಳುವ ಸಂಖ್ಯೆ ಅದು. ಕಾರ್ಖಾನೆಯ ಪರೀಕ್ಷಾ ಪತ್ರದಲ್ಲಿಯೂ ಅದೇ ಸಂಖ್ಯೆ ಇರಬೇಕು. ಪೈಪನ್ನು ಎರಡು ತುಂಡು ಮಾಡಿದರೆ, ಕತ್ತರಿಸುವ ಮೊದಲೇ ಉಳಿಯುವ ತುಂಡಿನ ಮೇಲೂ ಆ ಸಂಖ್ಯೆಯನ್ನು ಬರೆಸಬೇಕು. ಇಲ್ಲದಿದ್ದರೆ ಆ ತುಂಡು ತಂದೆ ತಾಯಿಯ ಹೆಸರು ಗೊತ್ತಿಲ್ಲದ ಮಗುವಿನಂತೆ. ಅದನ್ನು ಎಲ್ಲಿಯೂ ಹಾಕುವಂತಿಲ್ಲ.

ಆಮೇಲೆ ಬೆಸುಗೆ. ಬೆಸುಗೆ ಹಾಕುವ ವಿಧಾನವನ್ನು ಮೊದಲೇ ಬರೆದು, ಪರೀಕ್ಷಿಸಿ, ಒಪ್ಪಿಗೆ ಪಡೆದಿರಬೇಕು. ಬೆಸುಗೆ ಹಾಕುವ ವೆಲ್ಡರ್ ಕೂಡ ಪರೀಕ್ಷೆ ಪಾಸಾಗಿರಬೇಕು. ಇವೆರಡನ್ನೂ ನೋಡುವುದು ಇನ್‌ಸ್ಪೆಕ್ಟರನ ಹೊಣೆ. ಬೆಸುಗೆ ಮುಗಿದ ಮೇಲೆ ಲೋಹವನ್ನು ಕೆಡಿಸದೆ ಪರೀಕ್ಷಿಸುವ ವಿಧಾನಗಳಿವೆ; ಎನ್‌ಡಿಟಿ ಎಂದು ಅದರ ಹೆಸರು. ಮುಖ್ಯವಾದವು ಐದು.

ಮೊದಲನೆಯದು ಕಣ್ಣಿನಿಂದ ನೋಡುವುದು. ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಇದೇ. ಎರಡನೆಯದು ಕೆಂಪು ದ್ರವದ ಪರೀಕ್ಷೆ. ಮೈಯನ್ನು ಶುಚಿ ಮಾಡಿ ದ್ರವ ಹಚ್ಚಿ, ಅದು ಬಿರುಕಿನೊಳಗೆ ಇಳಿಯಲು ಸಮಯ ಕೊಟ್ಟು, ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ, ಬಿರುಕು ಇದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಒರೆಸುವಾಗ ದ್ರಾವಕವನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ನೇರವಾಗಿ ಲೋಹದ ಮೇಲೆ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗಿ, ಬಿರುಕಿದ್ದರೂ ಇಲ್ಲ ಎಂದು ಕಾಣುತ್ತದೆ. ಮೂರನೆಯದು ಆಯಸ್ಕಾಂತ ಮತ್ತು ಕಬ್ಬಿಣದ ಪುಡಿಯ ಪರೀಕ್ಷೆ. ಆಯಸ್ಕಾಂತಕ್ಕೆ ಅಂಟುವ ಲೋಹಕ್ಕೆ ಮಾತ್ರ ಇದು ನಡೆಯುತ್ತದೆ. ನಾಲ್ಕನೆಯದು ಅಲ್ಟ್ರಾಸೋನಿಕ್, ಅಂದರೆ ಕಿವಿಗೆ ಕೇಳದ ಶಬ್ದದ ಅಲೆಯನ್ನು ಲೋಹದೊಳಗೆ ಕಳಿಸಿ ಅದು ತಿರುಗಿ ಬರುವುದನ್ನು ನೋಡುವುದು. ಐದನೆಯದು ರೇಡಿಯೋಗ್ರಫಿ. ವೈದ್ಯರು ಮೂಳೆಯ ಎಕ್ಸ್-ರೇ ತೆಗೆಯುವಂತೆ ಬೆಸುಗೆಯ ಚಿತ್ರ ತೆಗೆಯುವುದು. ಸೈಟುಗಳಲ್ಲಿ ಇದಕ್ಕೆ ಹೆಚ್ಚಾಗಿ ಇರಿಡಿಯಂ-192 ಎಂಬ ವಿಕಿರಣ ವಸ್ತುವನ್ನು ಬಳಸುತ್ತಾರೆ. ಇದು ಅಪಾಯದ ಕೆಲಸ. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ತರಬೇತಿ ಪಡೆದವರು ಮಾತ್ರ ಅದನ್ನು ಮುಟ್ಟಬೇಕು. ಹಗ್ಗ ಕಟ್ಟಿ ಫಲಕ ಹಾಕಿದ ಗೆರೆಯನ್ನು ಬೇರೆ ಯಾರೂ ದಾಟಬಾರದು.

ಎಲ್ಲ ಮುಗಿದ ಮೇಲೆ ಒತ್ತಡದ ಪರೀಕ್ಷೆ. ಪೈಪಿನೊಳಗೆ ನೀರು ತುಂಬಿ, ವಿನ್ಯಾಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು ನೋಡುತ್ತಾರೆ. ರಿಫೈನರಿಯ ಪೈಪುಗಳಿಗೆ ಸಾಮಾನ್ಯವಾಗಿ ಒಂದೂವರೆ ಪಟ್ಟು. ಗಾಳಿಯನ್ನು ಬಿಟ್ಟು ನೀರನ್ನೇ ಏಕೆ ತುಂಬುತ್ತಾರೆ? ಹೈಸ್ಕೂಲು ವಿಜ್ಞಾನದಲ್ಲಿಯೇ ಉತ್ತರವಿದೆ. ನೀರನ್ನು ಒತ್ತಿ ಕುಗ್ಗಿಸಲು ಬಹುತೇಕ ಆಗುವುದಿಲ್ಲ, ಆದ್ದರಿಂದ ಪೈಪು ಸೀಳಿದರೂ ನೀರು ಚಿಮ್ಮಿ ಒತ್ತಡ ತಟ್ಟನೆ ಇಳಿಯುತ್ತದೆ. ಒತ್ತಿ ತುಂಬಿದ ಗಾಳಿ ಸ್ಪ್ರಿಂಗಿನಂತೆ. ಸೀಳಿದರೆ ಬಾಂಬಿನಂತೆ ಸಿಡಿಯುತ್ತದೆ.

ಹೆದರಿಸುವ ಗಣಿತ ಇಲ್ಲಿ ಕಡಿಮೆ

"ಸರ್, ನನಗೆ ಗಣಿತ ಬರುವುದಿಲ್ಲ" ಎಂದು ಅನೇಕ ಮಕ್ಕಳು ಈ ದಿಕ್ಕನ್ನೇ ನೋಡುವುದಿಲ್ಲ. ಈ ವೃತ್ತಿಯ ಒಂದು ಮುಖ್ಯ ಲೆಕ್ಕವನ್ನು ಈಗಲೇ ಮಾಡಿ ತೋರಿಸುತ್ತೇನೆ. ಒಂದು ಒತ್ತಡದ ಪಾತ್ರೆಯ ಗೋಡೆ ಹೊಸದಿದ್ದಾಗ 12 ಮಿಲಿಮೀಟರ್ ದಪ್ಪ ಇತ್ತು. ಐದು ವರ್ಷದ ನಂತರ ಅಳೆದರೆ 10 ಮಿಲಿಮೀಟರ್ ಇದೆ. ಸವೆದದ್ದು 2 ಮಿಲಿಮೀಟರ್, ಅಂದರೆ ವರ್ಷಕ್ಕೆ 0.4. ಸುರಕ್ಷಿತವಾಗಿರಲು ಕನಿಷ್ಠ 8 ಮಿಲಿಮೀಟರ್ ಇರಲೇಬೇಕು ಎಂದಿಟ್ಟುಕೊಳ್ಳಿ. ಉಳಿದಿರುವುದು 2 ಮಿಲಿಮೀಟರ್. ವರ್ಷಕ್ಕೆ 0.4ರಂತೆ ಸವೆದರೆ ಇನ್ನು ಐದು ವರ್ಷ ಆಯುಷ್ಯ. ಹಾಗಾದರೆ ಮುಂದಿನ ತಪಾಸಣೆ ಯಾವಾಗ? ಐದು ವರ್ಷ ಬಿಟ್ಟಲ್ಲ. ಉಳಿದ ಆಯುಷ್ಯದ ಅರ್ಧದೊಳಗೆ, ಅಂದರೆ ಎರಡೂವರೆ ವರ್ಷದೊಳಗೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ತನ್ನ 510 ಎಂಬ ನಿಯಮದಲ್ಲಿ ಹೇಳುವುದು ಇದನ್ನೇ.

ಇದು ನಾವು ಏಳನೇ ತರಗತಿಯಲ್ಲಿ ಮಾಡಿದ ತ್ರೈರಾಶಿ. ಲೆಕ್ಕ ಸುಲಭ, ಕಷ್ಟವಿರುವುದು 10 ಎಂದು ಅಳೆದದ್ದು ನಿಜವಾಗಿ 10 ಇದೆಯೇ ಎಂಬುದರಲ್ಲಿ. ಏಣಿ ಹತ್ತಲು ಬೇಸರಪಟ್ಟು ಕೆಳಗೆ ನಿಂತು ಹಳೆಯ ಅಂಕಿಯನ್ನೇ ಬರೆದರೆ, ಲೆಕ್ಕ ಸರಿಯಾಗಿಯೇ ಬರುತ್ತದೆ, ಪಾತ್ರೆ ಸಿಡಿಯುತ್ತದೆ.

ಓದಿನ ದಾರಿಗಳು

ಎಸ್ಸೆಸ್ಸೆಲ್ಸಿ ನಂತರ ಮೂರು ದಾರಿಗಳಿವೆ, ಮೂರೂ ಒಂದಕ್ಕೊಂದು ಕೂಡುತ್ತವೆ.

ಒಂದು, ಐಟಿಐ. ವೆಲ್ಡರ್ ಒಂದು ವರ್ಷ; ಫಿಟ್ಟರ್, ಮೆಷಿನಿಸ್ಟ್, ಮೆಕ್ಯಾನಿಕಲ್ ಡ್ರಾಫ್ಟ್ಸ್‌ಮನ್ ಎರಡು ವರ್ಷ. ಐಟಿಐ ಎಂದರೆ ಮೂಗು ಮುರಿಯುವ ಪಾಲಕರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ವತಃ ಬೆಸುಗೆ ಹಾಕಿ ಕೈ ಸುಟ್ಟುಕೊಂಡವನ ಕಣ್ಣಿಗೆ ಬೆಸುಗೆಯ ತಪ್ಪು ಬೇಗ ಕಾಣುತ್ತದೆ. ಐಟಿಐ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಾರ್ಖಾನೆಯಲ್ಲಿ ಕಲಿಯಬಹುದು. ಮುಂದೆ ಓದಬೇಕೆನಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ.

ಎರಡು, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ. ಈ ವೃತ್ತಿಗೆ ಇದು ನೇರವಾದ, ಖರ್ಚು ಕಡಿಮೆಯ ದಾರಿ ಎಂದು ಅನುಭವಿಗಳು ಹೇಳುತ್ತಾರೆ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು.

ಮೂರು, ಪಿಯುಸಿ ವಿಜ್ಞಾನ, ಆಮೇಲೆ ಬಿಇ. ಸಿಇಟಿ ಮೂಲಕ ಸೀಟು ಪಡೆದ ನಮ್ಮ ಮಕ್ಕಳು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯನ್ನು ವಿಚಾರಿಸಬೇಕು.

ಯಾವ ದಾರಿಯಲ್ಲಿ ಹೋದರೂ ಎರಡು ವಿಷಯಗಳನ್ನು ಬಾಯಿಪಾಠ ಮಾಡಿ ಪಾಸಾಗಬೇಡಿ. ಒಂದು ಡ್ರಾಯಿಂಗ್ ಓದುವುದು, ಇನ್ನೊಂದು ಅಳತೆ. ಇವೆರಡು ಬಾರದವನಿಗೆ ಮುಂದಿನ ಯಾವ ಸರ್ಟಿಫಿಕೇಟೂ ಕೈಹಿಡಿಯುವುದಿಲ್ಲ.

ಮೊದಲ ನೌಕರಿ

ಮೊದಲ ದಿನವೇ ಯಾರೂ ನಿಮ್ಮನ್ನು ಇನ್‌ಸ್ಪೆಕ್ಟರ್ ಎಂದು ಕರೆಯುವುದಿಲ್ಲ. ಫಿಟ್ಟರನ ಸಹಾಯಕ, ಎನ್‌ಡಿಟಿ ತಂತ್ರಜ್ಞನ ಸಹಾಯಕ, ಗುಣಮಟ್ಟ ವಿಭಾಗದ ಟ್ರೈನಿ, ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತ, ಹೀಗೆ ಪ್ರವೇಶ ಸಿಗುತ್ತದೆ. ಸಂಬಳ ಕಡಿಮೆ ಇರುತ್ತದೆ. ಆದರೂ ಆ ಎರಡು ಮೂರು ವರ್ಷಗಳೇ ಬುನಾದಿ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಶಕ್ತಿನಗರದಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರವಿದೆ, ಕುಡತಿನಿಯಲ್ಲಿ ಬಳ್ಳಾರಿಯ ಸ್ಥಾವರವಿದೆ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿದೆ, ಮಂಗಳೂರಿನಲ್ಲಿ ಎಂಆರ್‌ಪಿಎಲ್ ರಿಫೈನರಿಯಿದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಪ್ರತಿಯೊಂದರಲ್ಲೂ ಬಾಯ್ಲರ್ ಇದೆ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಅಲ್ಲಿ ದುರಸ್ತಿ ನಡೆಯುತ್ತದೆ. ಸ್ಥಾವರವನ್ನು ನಿಲ್ಲಿಸಿ ಮಾಡುವ ಇಂಥ 'ಶಟ್‌ಡೌನ್' ಕೆಲಸಕ್ಕೆ ಗುತ್ತಿಗೆದಾರರು ತಾತ್ಕಾಲಿಕವಾಗಿ ಹುಡುಗರನ್ನು ತೆಗೆದುಕೊಳ್ಳುತ್ತಾರೆ. ಒಂದು ಶಟ್‌ಡೌನಿನಲ್ಲಿ ಬಾಯ್ಲರಿನ ಹೊಟ್ಟೆಯೊಳಗೆ ಇಳಿದು ನೋಡಿದವನು ಕಲಿಯುವಷ್ಟನ್ನು ಯಾವ ತರಗತಿಯೂ ಕಲಿಸದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಮೇಲೆ ಬಂದವನು. ಉರ್ದು ಮಾಧ್ಯಮದಲ್ಲಿ ಓದಿ, ಫಿಟ್ಟರ್ ಐಟಿಐ ಮಾಡಿ, ಸಹಾಯಕನಾಗಿ ಸೇರಿದ. ಪ್ರತಿ ರಾತ್ರಿ ಆ ದಿನ ಕಂಡ ಒಂದು ಹೊಸ ಸಾಮಾನಿನ ಹೆಸರು, ಒಂದು ಅಳತೆ, ಒಂದು ತಪ್ಪು, ಇಷ್ಟನ್ನು ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದ. ಹಿರಿಯ ಇನ್‌ಸ್ಪೆಕ್ಟರ್ ಒಬ್ಬರು ಆ ಪುಸ್ತಕ ನೋಡಿ ಅವನನ್ನು ತಮ್ಮ ವಿಭಾಗಕ್ಕೆ ಕೇಳಿ ಪಡೆದರು. ನಡುವೆ ಡಿಪ್ಲೊಮಾ ಮುಗಿಸಿದ. ಈಗ ಅವನೇ ಸಹಿ ಮಾಡುವ ಸ್ಥಾನದಲ್ಲಿದ್ದಾನೆ.

ಸರ್ಟಿಫಿಕೇಟುಗಳ ಸತ್ಯ

ಈಗ ಪಾಲಕರು ಕಿವಿಗೊಟ್ಟು ಕೇಳಬೇಕಾದ ಮಾತಿಗೆ ಬರುತ್ತೇನೆ. ಈ ವೃತ್ತಿಯಲ್ಲಿ ಸರ್ಟಿಫಿಕೇಟುಗಳು ಬೇಕೇ ಬೇಕು. ಆದರೆ ಅವುಗಳಿಗೆ ಒಂದು ಕ್ರಮವಿದೆ.

ಸಾಮಾನ್ಯವಾಗಿ ಮೊದಲು ಪಡೆಯುವುದು ಎನ್‌ಡಿಟಿ ಲೆವೆಲ್ 2. ಎರಡು ವಾರದ ತರಬೇತಿ ಕೊಟ್ಟು "ಅಮೆರಿಕದ ಲೆವೆಲ್ 2" ಎಂದು ಹೇಳಿ ಕೊಡುವ ಕಾಗದದ ನಿಜಸ್ಥಿತಿ ಏನು? ಅಮೆರಿಕದ ಎಎಸ್‌ಎನ್‌ಟಿ ಸಂಸ್ಥೆಯ ಎಸ್‌ಎನ್‌ಟಿ-ಟಿಸಿ-1ಎ ಪದ್ಧತಿಯ ಪ್ರಕಾರ, ಲೆವೆಲ್ 2 ಪ್ರಮಾಣಪತ್ರ ಕೊಡುವ ಅಧಿಕಾರ ಮತ್ತು ಹೊಣೆ ನೌಕರಿ ಕೊಟ್ಟ ಸಂಸ್ಥೆಯದು. ತರಬೇತಿಯ ಗಂಟೆಗಳು, ಪರೀಕ್ಷೆ, ಕಣ್ಣಿನ ತಪಾಸಣೆ, ಇವುಗಳ ಜೊತೆಗೆ ಕೆಲಸದ ಅನುಭವವೂ ದಾಖಲಾಗಿರಬೇಕು. ಕಂಪನಿ ಬದಲಿಸಿದರೆ ಹೊಸ ಕಂಪನಿ ತನ್ನ ಪದ್ಧತಿಯಂತೆ ಮತ್ತೆ ಪ್ರಮಾಣೀಕರಿಸಬೇಕು. ಅಂದಮೇಲೆ ತರಬೇತಿ ಕೇಂದ್ರದ ಕಾಗದ ನೀವು ತರಬೇತಿ ಪಡೆದಿರಿ, ಪರೀಕ್ಷೆ ಬರೆದಿರಿ ಎಂಬುದಕ್ಕೆ ಸಾಕ್ಷಿ; ನೀವು ಇನ್‌ಸ್ಪೆಕ್ಟರ್ ಎಂಬುದಕ್ಕಲ್ಲ. ತರಬೇತಿ ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ತಕ್ಕ ಬೆಲೆ ಕೊಡಿ, ಅದಕ್ಕಿಂತ ಹೆಚ್ಚು ಕೊಡಬೇಡಿ ಎನ್ನುತ್ತಿದ್ದೇನೆ.

ಎರಡನೆಯ ಮೆಟ್ಟಿಲು ವೆಲ್ಡಿಂಗ್ ತಪಾಸಣೆಯ ಪ್ರಮಾಣಪತ್ರ. ಬ್ರಿಟನ್ನಿನ ಟಿಡಬ್ಲ್ಯುಐ ಸಂಸ್ಥೆಯ ಸಿಎಸ್‌ಡಬ್ಲ್ಯುಐಪಿ 3.1 ಒಂದು, ಅಮೆರಿಕದ ವೆಲ್ಡಿಂಗ್ ಸೊಸೈಟಿಯ ಸಿಡಬ್ಲ್ಯುಐ ಇನ್ನೊಂದು. ಎರಡಕ್ಕೂ ಅನುಭವ ಕೇಳುತ್ತಾರೆ. ಸಿಡಬ್ಲ್ಯುಐ ಪರೀಕ್ಷೆಯಲ್ಲಿ ಮೂರು ಭಾಗಗಳು. ಮೂಲ ತತ್ವ, ಕೈಯಿಂದ ಅಳೆದು ತೋರಿಸುವ ಪ್ರಾಯೋಗಿಕ ಭಾಗ, ಕೋಡ್ ಪುಸ್ತಕ ತೆರೆದು ಉತ್ತರ ಹುಡುಕುವ ಭಾಗ.

ಮೂರನೆಯ ಮೆಟ್ಟಿಲು ಎಪಿಐ ಪರೀಕ್ಷೆಗಳು. ಒತ್ತಡದ ಪಾತ್ರೆಗಳಿಗೆ 510, ಪೈಪುಗಳಿಗೆ 570, ತೈಲದ ಟ್ಯಾಂಕುಗಳಿಗೆ 653. ಎಂಜಿನಿಯರಿಂಗ್ ಪದವೀಧರನಿಗೆ ಒಂದು ವರ್ಷದ, ಎರಡು ವರ್ಷದ ತಾಂತ್ರಿಕ ಶಿಕ್ಷಣ ಪಡೆದವನಿಗೆ ಎರಡು ವರ್ಷದ, ಪ್ರೌಢಶಿಕ್ಷಣ ಮುಗಿಸಿದವನಿಗೆ ಮೂರು ವರ್ಷದ ಸಂಬಂಧಪಟ್ಟ ಅನುಭವ ಬೇಕು. ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ: ಬಡವನ ಮಗ ಎಂಬ ಕಾರಣಕ್ಕೆ, ಬಿಇ ಇಲ್ಲ ಎಂಬ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ. ಓದು ಕಡಿಮೆಯಾದಷ್ಟು ಅನುಭವ ಹೆಚ್ಚು ಕೇಳುತ್ತಾರೆ, ಅಷ್ಟೇ. ಆದರೆ ಅನುಭವವೇ ಇಲ್ಲದವನಿಗೆ ಬಾಗಿಲು ಇಲ್ಲ. ಹೀಗಿರುವಾಗ ಕಾಲೇಜಿನಿಂದ ಹೊರಬಂದ ಹುಡುಗನಿಗೆ ಕೆಲವರು ಸುಳ್ಳು ಅನುಭವ ಪತ್ರ ಮಾಡಿಕೊಡುತ್ತಾರೆ. ಮನೆಯ ಉಳಿತಾಯವನ್ನೆಲ್ಲ ಕೊಟ್ಟು ಅಂಥ ಕಾಗದಗಳೊಂದಿಗೆ ಹೊರಟ ಹುಡುಗನೊಬ್ಬ ನಮ್ಮ ಪರಿಚಯದ ಮನೆಯಲ್ಲಿಯೇ ಇದ್ದ. ಗಲ್ಫಿಗೆ ಹೋಗಿ ಇಳಿದ ಮೇಲೆ ಗ್ರಾಹಕ ಕಂಪನಿಯವರು ಸಂದರ್ಶನದಲ್ಲಿ ಒಂದು ಡ್ರಾಯಿಂಗ್ ಮುಂದಿಟ್ಟು ಬೆಸುಗೆಯ ಚಿಹ್ನೆ ಓದಲು ಹೇಳಿದರು. ಅವನಿಗೆ ಓದಲಾಗಲಿಲ್ಲ. ಕೊನೆಗೆ ಸಿಕ್ಕಿದ್ದು ಸಹಾಯಕನ ಕೆಲಸ, ತಲೆಯ ಮೇಲೆ ಸಾಲ. ದೊಡ್ಡ ತೈಲ ಕಂಪನಿಗಳು ಗುತ್ತಿಗೆದಾರ ಕಳಿಸಿದ ಇನ್‌ಸ್ಪೆಕ್ಟರನನ್ನು ತಾವೇ ಪರೀಕ್ಷಿಸಿ ಒಪ್ಪಿದ ಮೇಲೆಯೇ ಒಳಗೆ ಬಿಡುತ್ತವೆ ಎಂಬುದನ್ನು ಯಾವ ಏಜೆಂಟನೂ ಮೊದಲೇ ಹೇಳುವುದಿಲ್ಲ.

ವಿದೇಶಕ್ಕೆ ಹೋಗುವವರು ಇನ್ನೆರಡು ವಿಷಯ ತಿಳಿದಿರಬೇಕು. ಏಜೆಂಟ್ ಸರ್ಕಾರದಲ್ಲಿ ನೋಂದಣಿಯಾಗಿದ್ದಾನೆಯೇ ಎಂದು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂಬ ಮಿತಿಯಿದೆ. ಲಕ್ಷಗಳಲ್ಲಿ ಕೇಳುವವನ ಮುಂದೆ ಈ ಅಂಕಿಯನ್ನು ಇಡಿ. ಎರಡನೆಯದಾಗಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಭಾಷೆಯೂ ಒಂದು ಸಾಧನ

ಭಾಷಾ ಶಿಕ್ಷಕನಾಗಿ ನನ್ನ ಪಾಲಿನ ಮಾತು ಇದು. ಇನ್‌ಸ್ಪೆಕ್ಟರನ ಕೆಲಸದ ಅರ್ಧ ಭಾಗ ಬರವಣಿಗೆ. "ಬೆಸುಗೆ ಸರಿಯಿಲ್ಲ" ಎಂದು ಬರೆದರೆ ಅದು ವರದಿಯಲ್ಲ, ದೂರು. ಯಾವ ಲೈನು, ಎಷ್ಟನೇ ಜೋಡಣೆ, ಯಾವ ಬದಿ, ಎಷ್ಟು ಮಿಲಿಮೀಟರ್ ಉದ್ದ, ಯಾವ ನಿಯಮದ ಪ್ರಕಾರ ಒಪ್ಪಲಾಗದು, ಇಷ್ಟೂ ಇದ್ದರೆ ವರದಿ. ಸೈಟುಗಳಲ್ಲಿ ವರದಿ ಇಂಗ್ಲಿಷಿನಲ್ಲಿ ಇರುತ್ತದೆ. ಉರ್ದು ಮತ್ತು ಕನ್ನಡ ಮಾಧ್ಯಮದ ಮಕ್ಕಳು ಇದಕ್ಕೆ ಹೆದರಬಾರದು. ವರದಿಯ ಇಂಗ್ಲಿಷ್ ಅಲಂಕಾರದ ಇಂಗ್ಲಿಷ್ ಅಲ್ಲ. ಚಿಕ್ಕ ವಾಕ್ಯಗಳು, ಮತ್ತೆ ಮತ್ತೆ ಬರುವ ಕೆಲವು ನೂರು ಪದಗಳು. ಯಾವ ಭಾಷೆಯಲ್ಲಾದರೂ ಸರಿ, ಕಂಡದ್ದನ್ನು ಕಂಡಂತೆ ನಾಲ್ಕು ಸಾಲು ಬರೆಯುವ ಅಭ್ಯಾಸವನ್ನು ಈಗಿನಿಂದಲೇ ಮಾಡಿ. ಮನೆಯ ನಲ್ಲಿ ಸೋರುತ್ತಿದ್ದರೆ ಎಲ್ಲಿಂದ, ಎಷ್ಟು, ಯಾವಾಗಿನಿಂದ ಎಂದು ಬರೆದು ನೋಡಿ. ಆ ವಿವರಣೆಯನ್ನು ಇಂಗ್ಲಿಷಿಗೆ ತರುವುದು ಆಮೇಲಿನ ಮಾತು.

ವಿದ್ಯಾರ್ಥಿನಿಯರಿಗೂ ಒಂದು ಮಾತು. ಇದು ಗಂಡಸರ ಕೆಲಸ ಮಾತ್ರ ಎಂದುಕೊಳ್ಳಬೇಡಿ. ಪ್ರಯೋಗಾಲಯದ ಪರೀಕ್ಷೆ, ಅಳತೆ ವಿಭಾಗ, ರೇಡಿಯೋಗ್ರಫಿ ಚಿತ್ರಗಳನ್ನು ಓದುವುದು, ದಾಖಲೆಗಳ ಪರಿಶೀಲನೆ ಇವೆಲ್ಲ ತಾಳ್ಮೆ ಮತ್ತು ಸೂಕ್ಷ್ಮ ದೃಷ್ಟಿ ಇರುವ ಯಾರಾದರೂ ಮಾಡಬಹುದಾದ ಕೆಲಸಗಳು.

ಸಹಿಯ ಬೆಲೆ

ಕೊನೆಯದಾಗಿ, ಈ ವೃತ್ತಿಯ ನಿಜವಾದ ಪರೀಕ್ಷೆಯ ಬಗ್ಗೆ. ಅದಕ್ಕೆ ಪ್ರಶ್ನೆಪತ್ರಿಕೆ ಇಲ್ಲ. ನಾನು ಆಗಲೇ ಹೇಳಿದ ವಿದ್ಯಾರ್ಥಿ ಹೇಳಿದ ಘಟನೆ ಇದು. ಒಂದು ಸೈಟಿನಲ್ಲಿ ರಾತ್ರಿ ಒತ್ತಡದ ಪರೀಕ್ಷೆ ನಡೆಯಬೇಕಿತ್ತು. ನೀರು ತುಂಬಿ ಎಲ್ಲರೂ ಕಾದಿದ್ದರು. ಇವನು ಒತ್ತಡ ತೋರಿಸುವ ಗೇಜಿನ ಮೇಲಿನ ಚೀಟಿ ನೋಡಿದ. ಅದರ ಕ್ಯಾಲಿಬ್ರೇಶನ್ ಅವಧಿ ಮುಗಿದಿತ್ತು. "ನಿನ್ನೆಯವರೆಗೆ ಸರಿಯಾಗೇ ಇತ್ತಲ್ಲಪ್ಪ, ಸಹಿ ಮಾಡಿಬಿಡು, ಬೆಳಿಗ್ಗೆಯೊಳಗೆ ಮುಗಿಸಬೇಕು" ಎಂದು ಮೇಲಿನವರು ಒತ್ತಾಯಿಸಿದರು. ಇವನು ಒಪ್ಪಲಿಲ್ಲ. ಬೈಗುಳ ತಿಂದ. ಬೇರೆ ಗೇಜು ತಂದು ಜೋಡಿಸಿ ನೋಡಿದಾಗ ಹಳೆಯ ಗೇಜು ಇರುವುದಕ್ಕಿಂತ ಕಡಿಮೆ ತೋರಿಸುತ್ತಿದ್ದುದು ಗೊತ್ತಾಯಿತು. ಅದನ್ನು ನಂಬಿ ಒತ್ತಡ ಏರಿಸಿದ್ದರೆ ಪೈಪು ತಾಳಬೇಕಾದದ್ದಕ್ಕಿಂತ ಹೆಚ್ಚು ಒತ್ತಡ ಅದರ ಮೇಲೆ ಬೀಳುತ್ತಿತ್ತು, ಅದರ ಪಕ್ಕದಲ್ಲಿ ಜನ ನಿಂತಿದ್ದರು.

ಆ ರಾತ್ರಿ ಅವನಿಗೆ ಸಂಬಳ ಹೆಚ್ಚಾಗಲಿಲ್ಲ, ಶಾಲು ಹೊದಿಸಲಿಲ್ಲ. ಆದರೆ ಮುಂದಿನ ಕೆಲಸಕ್ಕೆ ಅದೇ ಗುತ್ತಿಗೆದಾರ ಅವನನ್ನೇ ಹೆಸರು ಹೇಳಿ ಕರೆಸಿಕೊಂಡ. ಬೈದವನಿಗೂ ಯಾರ ಸಹಿ ನಂಬಬಹುದು ಎಂಬುದು ಗೊತ್ತಿರುತ್ತದೆ. ಈ ವೃತ್ತಿಯಲ್ಲಿ ಒಬ್ಬನ ಬಂಡವಾಳ ಅವನ ಸಹಿಯ ಮೇಲೆ ಇತರರು ಇಟ್ಟಿರುವ ನಂಬಿಕೆ. ನಾವು ಅಮಾನತ್ ಎನ್ನುತ್ತೇವಲ್ಲ, ಅದು ಇದೇ. ಸುಳ್ಳು ಅನುಭವ ಪತ್ರದಿಂದ ಈ ವೃತ್ತಿಗೆ ಕಾಲಿಡುವವನು ಮೊದಲ ಹೆಜ್ಜೆಯಲ್ಲಿಯೇ ಆ ಬಂಡವಾಳ ಕಳೆದುಕೊಂಡಿರುತ್ತಾನೆ. ಸುಳ್ಳು ಕಾಗದ ಹಿಡಿದು ಬಂದವನು ಇನ್ನೊಬ್ಬರ ಕಾಗದದ ಸತ್ಯವನ್ನು ಯಾವ ಮುಖದಿಂದ ಪರೀಕ್ಷಿಸಬೇಕು?

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಎರಡು ತಿಂಗಳ ಕೋರ್ಸಿಗೆ ಸಾಲ ಮಾಡುವ ಬದಲು ಎರಡು ಮೂರು ವರ್ಷದ ಓದಿಗೆ, ಆಮೇಲಿನ ಎರಡು ಮೂರು ವರ್ಷದ ಕಡಿಮೆ ಸಂಬಳಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಸಂಘದ ಹಿರಿಯರಲ್ಲಿ ನನ್ನ ಸಲಹೆ: ನಮ್ಮ ಊರಿನವರೇ ಆದ, ಈ ವೃತ್ತಿಯಲ್ಲಿರುವವರು ರಜೆಗೆ ಬಂದಾಗ ಅವರಿಂದ ಒಂದು ಭಾನುವಾರ ನಮ್ಮ ಐಟಿಐ ಮತ್ತು ಡಿಪ್ಲೊಮಾ ಮಕ್ಕಳಿಗೆ ಡ್ರಾಯಿಂಗ್ ಓದುವ, ವರ್ನಿಯರ್ ಹಿಡಿಯುವ ಪಾಠ ಏರ್ಪಡಿಸಿ. ಖರ್ಚು ಹೆಚ್ಚಿಲ್ಲ, ಪ್ರಯೋಜನ ಬಹಳ. ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಇಷ್ಟೇ: ಒಂದು ನೋಟ್ ಪುಸ್ತಕ ಕೊಳ್ಳಿ, ಕಂಡದ್ದನ್ನು ಬರೆಯಿರಿ, ಕಾಣದ್ದಕ್ಕೆ ಸಹಿ ಮಾಡಬೇಡಿ.